ಮರೆತ ರಟ್ಟಿನ ಚೂರು

ಫೋನ್ ಬಂದಾಗ ನಾನು ವಕೀಲರೊಬ್ಬರ ಕೋಟಿಗೆ ತೋಳು ಕೂರಿಸುತ್ತಿದ್ದೆ. ಬಾಯಲ್ಲಿ ನಾಲ್ಕು ಗುಂಡುಸೂಜಿ. ಸರೋವರದ ತಳದಲ್ಲಿ ಬಾಂಬರ್ ವಿಮಾನ ಸಿಕ್ಕಿದೆ, ನಿಮ್ಮ ದೊಡ್ಡಪ್ಪ ಇದ್ದ ವಿಮಾನವೇ ಅದು, ಅವರ ಜಾಕೆಟ್ಟೂ ಇದೆ ಎಂದರು ವಾಯುಪಡೆಯ ಕಚೇರಿಯವರು. ಸೂಜಿ ನುಂಗದೆ ಉಳಿದದ್ದೇ ನನ್ನ ಪುಣ್ಯ.

"ಅತ್ತೇ! ದೊಡ್ಡಪ್ಪ ಸಿಕ್ಕಿದ್ರು!" ಎಂದು ಕೂಗಿಬಿಟ್ಟೆ. ಅರವತ್ತು ವರ್ಷದಿಂದ ಕಾಣೆಯಾಗಿದ್ದವರು ಪೇಟೆಯಲ್ಲಿ ಎದುರಾದ ಹಾಗೆ! ನನ್ನ ನಾಲಗೆಗೆ ಎಲುಬಿಲ್ಲ.

ಮಂಡಿನೋವೆಂದು ಬೆಳಗ್ಗೆಯಷ್ಟೇ ಗೊಣಗಿದ್ದ ಅತ್ತೆ, ದೊಡ್ಡಪ್ಪನ ಎಪ್ಪತ್ತೊಂದರ ತಂಗಿ, ಒಳಗಿನಿಂದ ಓಡಿಬಂದರು. "ಒಳಜೇಬು? ಒಳಜೇಬು ಹೇಗಿದೆ ಅಂತ ಕೇಳಿದ್ಯಾ?"

ಆ ಜೇಬಿನ ವಿಷಯ ಅತ್ತೆ ಹೇಳಿಕೊಂಡದ್ದು ನನ್ನೊಬ್ಬನ ಹತ್ತಿರ. ಯುದ್ಧದಲ್ಲಿ ದೊಡ್ಡಪ್ಪ ಬಾಂಬರಿನ ಹಿಂಬದಿಯಲ್ಲಿ ಮೆಷಿನ್‌ಗನ್ ಹಿಡಿದು ಕೂರುತ್ತಿದ್ದವರು. ಕೊನೆಯ ರಜೆ ಮುಗಿಸಿ ಹೊರಟ ದಿನ ಜಾಕೆಟ್ಟಿನ ಒಳಜೇಬಿನ ಗುಂಡಿ ಕಿತ್ತುಬಂತು. ನೀರಿಗೆ ಬಿದ್ದರೆ ಊದಲೆಂದು ಕೊಟ್ಟ ಸೀಟಿ ಇದ್ದದ್ದು ಅದರೊಳಗೇ. ಹನ್ನೊಂದು ವರ್ಷದ ಅತ್ತೆ ಹಟ ಹಿಡಿದು ತಾವೇ ಗುಂಡಿ ಹೊಲಿದುಕೊಟ್ಟರು. ಜೇಬಿಗೆ ಗುಂಡಿ ಹಾಕುವಾಗ ಒಳಗೊಂದು ರಟ್ಟಿನ ಚೂರು ಇಡುವುದು ನಮ್ಮ ಅಂಗಡಿಯ ಪದ್ಧತಿ. ಇಲ್ಲದಿದ್ದರೆ ಸೂಜಿ ಎರಡೂ ಪದರಕ್ಕೆ ಇಳಿದು ಜೇಬೇ ಮುಚ್ಚಿಹೋಗುತ್ತದೆ. ಅಣ್ಣ ಹೊರಟ ಮೇಲೆ ನೋಡಿದರೆ ರಟ್ಟು ಮೇಜಿನ ಮೇಲೇ ಬಿದ್ದಿತ್ತು. ಎರಡು ತಿಂಗಳಿಗೆ ವಿಮಾನ ಕಾಣೆಯಾಯಿತು. ನೀರಿನಲ್ಲಿ ತೇಲುತ್ತ, ಸೀಟಿಗಾಗಿ ಅಣ್ಣ ಆ ಜೇಬನ್ನು ಪರಚುತ್ತಿದ್ದಾನೆ ಎಂಬ ಯೋಚನೆ ಅಂದಿನಿಂದ ಅತ್ತೆಯನ್ನು ಬಿಟ್ಟಿಲ್ಲ.

ಅಂಗಡಿಗೆ ಬೀಗ ಜಡಿದು ಓಡಿದೆವು. ದಾರಿಯಲ್ಲಿ ವಕೀಲರು ಸಿಕ್ಕಿ, "ನನ್ ಕೋಟು?" ಎಂದರು. "ಇವತ್ತು ಒಂದೇ ತೋಳಲ್ಲಿ ವಾದ ಮಾಡಿ ಸ್ವಾಮಿ!" ಎಂದೆ. ನಗುವ ಹೊತ್ತಲ್ಲ, ಆದರೂ ಅತ್ತೆ ನಕ್ಕುಬಿಟ್ಟರು.

ಕಚೇರಿಯಲ್ಲಿ ಅಧಿಕಾರಿಣಿ ಪೆಟ್ಟಿಗೆ ತೆರೆದರು. ತಣ್ಣನೆಯ ಕೆಸರಿನಲ್ಲಿ ಹೂತಿದ್ದರಿಂದ ಚರ್ಮದ ಜಾಕೆಟ್ಟು ಉಳಿದಿತ್ತು. "ವಿಮಾನ ನೀರಿಗೆ ಅಪ್ಪಳಿಸಿದ ಕ್ಷಣವೇ ಎಲ್ಲಾ ಮುಗಿದಿದೆ ಅಮ್ಮ. ಯಾರಿಗೂ ಅಲ್ಲಾಡೋಕೂ ಸಮಯ ಸಿಕ್ಕಿಲ್ಲ," ಎಂದರು.

ಅತ್ತೆ ಗುಂಡಿ ಬಿಚ್ಚಿ ಜೇಬಿಗೆ ಬೆರಳು ಹಾಕಿದರು. ಬೆರಳು ಸರಾಗವಾಗಿ ಒಳಗೆ ಹೋಯಿತು, ಸೀಟಿ ಹೊರಗೆ ಬಂತು!

"ಲೋ, ದಾರ ಎಡಕ್ಕೆ ಸುತ್ತಿದೆ ನೋಡೋ! ನಮ್ಮಂಗಡೀಲಿ ಎಡಚ ಅಂದ್ರೆ ಅವನೊಬ್ಬನೇ. ನನ್ ಹೊಲಿಗೆ ಬಿಚ್ಚಿ, ತಾನೇ ಹಾಕ್ಕೊಂಡಿದಾನೆ!"

ಕುಣಿಯುವುದೊಂದು ಬಾಕಿ ನನಗೆ. ಅಧಿಕಾರಿಣಿಯ ಕೈ ಹಿಡಿದು ಕುಲುಕಿಯೇ ಕುಲುಕಿದೆ. ಅಷ್ಟರಲ್ಲಿ ಅತ್ತೆಯ ಮುಖ ಕೆಂಪೇರಿತು.

"ಸುಳ್ಳ! 'ಪುಟ್ಟೀ, ನೀನು ಹಾಕಿದ ಗುಂಡಿ ಬಂಡೆ ಥರ ಇದೆ, ಜಪ್ಪಯ್ಯ ಅಂದ್ರೂ ಬರಲ್ಲ' ಅಂತ ಕಾಗದ ಬರೆದಿದ್ದ. ನನಗೆ ಬೇಜಾರಾಗಬಾರದು ಅಂತ! ಅದನ್ನ ಓದಿದಾಗಲೆಲ್ಲ, ಜೇಬು ಮುಚ್ಚೇ ಇದೆ ಅಂದ್ಕೊಂಡು ನಾನು ಸತ್ತು ಸತ್ತು ಬದುಕಿದೀನಿ ಕಣೋ."

ಜಾಕೆಟ್ಟಿನ ತೋಳಿಗೆ ಪಟ್ಟನೆ ಒಂದು ಏಟು ಹಾಕಿ, ಅದನ್ನೇ ಎದೆಗೊತ್ತಿಕೊಂಡರು.

"ಬೈದು ಒಂದು ಸಾಲು ಬರೀಬಾರದಿತ್ತೇನೋ ಅಣ್ಣಾ?"