ಸಾವಂತ್ರೆವ್ವನ ಹದಿನೇಳು ನಿಮಿಷ

ನಾನು ಒಂದು ರೆಕಾರ್ಡರ್. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಗಾತ್ರ, ಕಪ್ಪು ಮೈ, ನೆತ್ತಿಯ ಮೇಲೆ ಜಾಲರಿ ಹಾಕಿದ ಎರಡು ಪುಟ್ಟ ಕಿವಿ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ನನ್ನನ್ನು ಜೋಡಿಸಿದ ಹೆಂಗಸು, ಕಿವಿ ಸರಿಯಾಗಿದೆಯೇ ಎಂದು ಉಗುರಿನಿಂದ ಎರಡು ಸಲ ತಟ್ಟಿ ನೋಡಿದಳು. ನಾನು ಕೇಳಿದ ಮೊದಲ ಸದ್ದು ಅದು. ಅಂದಿನಿಂದ ಸುಮ್ಮನಿರುವುದು ನನಗೆ ಬರಲೇ ಇಲ್ಲ. ಹಿಡಿದಿಡುವ ಕೆಂಪು ದೀಪ ಹತ್ತಿದರೆ ಜೀವಕ್ಕೆ ಸಮಾಧಾನ. ಆರಿದರೆ, ಈಗ ಯಾರೋ ಏನೋ ಹೇಳುತ್ತಿದ್ದಾರೆ, ನನಗೆ ತಪ್ಪಿಹೋಯಿತು ಎಂಬ ಚಡಪಡಿಕೆ.

ನನ್ನ ಮೊದಲ ಒಡೆಯರು ಗುರುಲಿಂಗಪ್ಪ ಕಡೇಮನಿ, ಪತ್ರಿಕೆಯ ವರದಿಗಾರರು. ಒಂಬತ್ತು ವರ್ಷ ಅವರ ಅಂಗಿಯ ಜೇಬಿನಲ್ಲಿ, ತಂಬಾಕಿನ ಚೀಟಿಯ ಪಕ್ಕದಲ್ಲಿ ಇದ್ದೆ. ಬೆಳಗಿನ ಭಾಷಣವನ್ನು ಸಂಜೆಯ ಭಾಷಣಕ್ಕಾಗಿ ಅಳಿಸುತ್ತಿದ್ದರು. ಯಾರ ಮಾತೂ ನನ್ನೊಳಗೆ ಎರಡು ದಿನ ಉಳಿದದ್ದಿಲ್ಲ. ನಿವೃತ್ತರಾದ ದಿನ ನನ್ನನ್ನು ಅಕ್ಕನ ಮಗಳ ಕೈಗಿಟ್ಟರು. "ತಗೋಳವ್ವಾ. ಇನ್ನ ನನಗ ಯಾರ ಭಾಷಣಾನೂ ಬ್ಯಾಡ" ಎಂದರು.

ಅವರ ಅಕ್ಕನ ಮಗಳು ನೀಲಗಂಗಾ ಬಣಕಾರ. ಗದಗಿನಿಂದ ಒಂದೂವರೆ ತಾಸಿನ ಬಸ್ ದಾರಿಯಲ್ಲಿರುವ ಕಲ್ಲಹೊಳಿ ಎಂಬ ಪಟ್ಟಣದ ಶಾಖಾ ಗ್ರಂಥಾಲಯಕ್ಕೆ ಅವಳೇ ಗ್ರಂಥಪಾಲಕಿ. ಮೂವತ್ತೇಳು ವರ್ಷ. ನನಗೆ ತಕ್ಕ ಒಡತಿ ಅನ್ನಬೇಕು, ಕುಳಿತಲ್ಲಿ ಕುಳಿತವಳಲ್ಲ. ಚಪ್ಪಲಿ ಕಳಚಿ ಕಪಾಟುಗಳ ನಡುವೆ ಓಡಾಡುತ್ತ, ಪೆನ್ನಿನ ಮುಚ್ಚಳ ಕಚ್ಚುತ್ತ, ತನ್ನಷ್ಟಕ್ಕೆ ಮಾತಾಡಿಕೊಳ್ಳುವಳು.

ಅವಳಿಗೊಂದು ಬ್ಲಾಗ್ ಇತ್ತು, 'ಪುಸ್ತಕದ ಮಂದಿ' ಅಂತ. ಕಿತ್ತುಹೋದ ಪುಸ್ತಕದ ಬೆನ್ನಿಗೆ ಮೈದಾ ಅಂಟು ಎಷ್ಟು ತೆಳ್ಳಗಿರಬೇಕು, ಪದಬಂಧ ಹರಿದುಕೊಂಡು ಹೋಗುವವರನ್ನು ಹಿಡಿಯುವುದು ಹೇಗೆ, ಹಿಂದಿರುಗಿದ ಪುಸ್ತಕಗಳೊಳಗೆ ಸಿಕ್ಕ ವಸ್ತುಗಳು ಯಾವುವು, ಇಂಥವನ್ನೆಲ್ಲ ಬರೆಯುತ್ತಿದ್ದಳು. ಒಮ್ಮೆ ಅಡುಗೆ ಪುಸ್ತಕವೊಂದರಲ್ಲಿ ಒಂದು ಹಪ್ಪಳವೇ ಸಿಕ್ಕಿತ್ತಂತೆ. ನಾನು ಬಂದ ಮೇಲೆ ಅದೇ ಹೆಸರಿನಲ್ಲಿ ಪಾಡ್‌ಕಾಸ್ಟ್ ಶುರುವಾಯಿತು. ಮಧ್ಯಾಹ್ನ ಗ್ರಂಥಾಲಯದ ಬಾಗಿಲು ಹಾಕಿರುವ ಹೊತ್ತಿನಲ್ಲಿ ಫ್ಯಾನ್ ಆರಿಸಿ, ನನ್ನನ್ನು ದಪ್ಪ ನಿಘಂಟಿನ ಮೇಲಿಟ್ಟು ಮಾತಾಡುತ್ತಿದ್ದಳು. ಬೆವರು ಇಳಿಯುತ್ತಿದ್ದರೂ ನಿಲ್ಲಿಸುತ್ತಿರಲಿಲ್ಲ.

ಕೇಳುವವರು ಮೂವತ್ತೋ ನಲವತ್ತೋ ಮಂದಿ. ದಿನಕ್ಕೆ ಹತ್ತು ಸಲ ಆ ಸಂಖ್ಯೆ ನೋಡುವಳು. "ಮಕ್ತುಮ್‌ಸಾಬ್, ನಿನ್ನೆ ಮೂವತ್ನಾಕು ಇತ್ತು, ಇವತ್ತೂ ಮೂವತ್ನಾಕ ಐತಿ" ಎಂದು ಗ್ರಂಥಾಲಯದ ಸಹಾಯಕರಿಗೆ ಹೇಳುವಳು. ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಇದ್ದ ಮಕ್ತುಮ್‌ಸಾಬರು ಅಂಟು ಕಲಸುತ್ತ, "ಕಮ್ಮಿ ಆಗಿಲ್ಲಲ್ರೀ, ಬಿಡ್ರಿ" ಎನ್ನುವರು.

ಸಾವಂತ್ರೆವ್ವ ನನ್ನ ಕಿವಿಗೆ ಬಿದ್ದದ್ದು ಆ ಮಧ್ಯಾಹ್ನಗಳಲ್ಲೇ. ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುವ ಹೆಂಗಸು, ವಯಸ್ಸು ಐವತ್ತರ ಮೇಲೆ. ಜೊತೆಗೆ ಪುರಸಭೆಯ ಸದಸ್ಯೆ, ಹನ್ನೊಂದನೇ ವಾರ್ಡಿನಿಂದ ಗೆದ್ದವರು. ಊಟದ ಗದ್ದಲ ಮುಗಿಸಿ ಮೂರಕ್ಕೆ ಹಿಂಬಾಗಿಲಿನಿಂದ ಬರುತ್ತಿದ್ದರು. ಮಕ್ಕಳ ವಿಭಾಗದ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತು, ನೀಲಗಂಗಾಳಿಂದ ಅಕ್ಷರ ಕಲಿಯುತ್ತಿದ್ದರು. ಎಂಟು ತಿಂಗಳಾಗಿತ್ತು. ನೀಲಗಂಗಾ ಮತ್ತು ಮಕ್ತುಮ್‌ಸಾಬರ ಹೊರತು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ, ಅವರ ಓದು ಅವರಿಗೇ ಕೇಳಿಸಲಿ ಎಂದು ನೀಲಗಂಗಾ ನನ್ನ ದೀಪ ಹತ್ತಿಸಿದಳು. ಸಾವಂತ್ರೆವ್ವ ಒಂದು ಪುಟ ಓದಿದರು. ಓದಿದ ಖುಷಿಗೆ ಮಾತು ಹರಿಯಿತು.

"ಮೂರು ವರ್ಷ ಆತ್ರಿ ಬಾಯಾರ. ಮೀಟಿಂಗಿನ್ಯಾಗ ಹಾಳಿ ಮುಂದ ಇಡತಾರ, ನಾ ಚಾಳೀಸ ಹಾಕ್ಕೊಂಡು ಓದಿದಂಗ ಮಾಡಿ ಸಹಿ ಹಾಕತೀನಿ. ಹೆಸರು ಬರಿಯೂದೊಂದು ಕಲತಿದ್ದೆ, ಚಿತ್ರ ಬಿಡಿಸಿದಂಗ. ಯಾವದಕ್ಕ ಸಹಿ ಹಾಕೀನೋ ಆ ದೇವರಿಗೇ ಗೊತ್ತು. ಒಂದ್ಸಲ ಹಾಳಿ ತಲಿಕೆಳಗ ಹಿಡದಿದ್ದೆ. ಬಾಜೂದವ ನೋಡಿ ತಿರುವಿ ಕೊಟ್ಟ. ಹೌದಲ್ಲ ಮತ್ತ?" ಎಂದು ದೊಡ್ಡದಾಗಿ ನಕ್ಕರು. ಅಂಥ ನಗು ನಾನು ಯಾವ ಸಭೆಯಲ್ಲೂ ಕೇಳಿರಲಿಲ್ಲ. ಕಪಾಟಿನ ಗಾಜು ಸಣ್ಣಗೆ ನಡುಗಿತು.

ಆಮೇಲೆ ನನ್ನ ಕೆಂಪು ದೀಪ ಅವರ ಕಣ್ಣಿಗೆ ಬಿತ್ತು. "ಇದು ಎಲ್ಲಾ ಹಿಡದೈತೇನು?"

"ಹೌದ್ರಿ ಅಕ್ಕಾರ."

"ಹಾಕಬ್ಯಾಡ್ರಿ ಮತ್ತ."

"ಇಲ್ರಿ, ಹಾಕಂಗಿಲ್ಲ" ಎಂದಳು ನೀಲಗಂಗಾ. ಆ ಮಾತೂ ನನ್ನೊಳಗೆ ದಾಖಲಾಯಿತು.

ಹನ್ನೊಂದು ದಿನ ಅವಳು ಕೊಟ್ಟ ಮಾತು ಉಳಿಸಿಕೊಂಡಳು. ಆದರೆ ದಿನಾ ಮಧ್ಯಾಹ್ನ ನನ್ನನ್ನು ಕಿವಿಗೆ ಹಿಡಿದು ಅದನ್ನೇ ಕೇಳುವಳು, ಎದ್ದು ಓಡಾಡುವಳು, ಮತ್ತೆ ಬಂದು ಕೇಳುವಳು. ನಾನೂ ಅವಳಷ್ಟೇ ತಳಮಳಿಸುತ್ತಿದ್ದೆ. ಸುಳ್ಳು ಹೇಳಲಾರೆ, ಆ ನಗು ಊರೂರಿಗೆ ಕೇಳಲಿ ಎಂದು ನನಗೂ ಆಸೆಯಿತ್ತು. ಹನ್ನೆರಡನೆಯ ದಿನ ಕಂಪ್ಯೂಟರಿಗೆ ನನ್ನನ್ನು ಜೋಡಿಸಿದಳು. ಹೆಸರು, ವಾರ್ಡು, ಖಾನಾವಳಿ ಎಲ್ಲ ಕತ್ತರಿಸಿದಳು. ನಗುವಿನ ಹತ್ತಿರ ಬಂದಾಗ ಬಹಳ ಹೊತ್ತು ಕೈ ನಿಲ್ಲಿಸಿದಳು. ಕತ್ತರಿಸಲಿಲ್ಲ. "ಹೆಸರ ಇಲ್ಲಲ್ಲ, ಯಾರಿಗೆ ಗೊತ್ತಾಕೈತಿ" ಎಂದು ತನಗೆ ತಾನೇ ಹೇಳಿಕೊಂಡು ಲೋಕಕ್ಕೆ ಬಿಟ್ಟಳು.

ನಾಲ್ಕೇ ದಿನದಲ್ಲಿ ಐದು ಸಾವಿರ ಮಂದಿ ಕೇಳಿದರು. ನೀಲಗಂಗಾ ಕುಣಿಯುವುದೊಂದು ಬಾಕಿ. ಐದನೆಯ ದಿನ ಮಕ್ತುಮ್‌ಸಾಬರು ಹೊರಗಿನಿಂದ ಬಂದು, ಕೈಚೀಲ ಕೆಳಗಿಡದೆ ನಿಂತೇ ಹೇಳಿದರು.

"ಪುರಸಭಾದಾಗ ಯಾರೋ ಮೊಬೈಲಿನ್ಯಾಗ ಹಚ್ಯಾರಂತ್ರಿ. ನಗಿ ಕೇಳಿದ ಕೂಡ್ಲೆ ಎಲ್ಲಾರೂ ಆಕಿ ಕಡೆ ತಿರುಗಿದ್ರಂತ. ಒಬ್ಬಾಂವ ಹಾಳಿ ಕೊಟ್ಟು, ಓದ್ರಿ ನೋಡೂಣು ಅಂದನಂತ."

"ಓದಿದ್ರೇನು?"

"ಇಲ್ರಿ. ಹಾಳಿ ಅಲ್ಲೇ ಇಟ್ಟು ಎದ್ದು ಹ್ವಾದ್ರಂತ."

ನೀಲಗಂಗಾ ಅಂದೇ ಅದನ್ನು ತೆಗೆದುಹಾಕಿದಳು. ಅಷ್ಟರಲ್ಲಿ ಅದು ಊರಿನ ಎಲ್ಲ ಮೊಬೈಲುಗಳಿಗೂ ಹಾರಿಯಾಗಿತ್ತು. ಕ್ಷಮೆ ಕೇಳಿ ಇನ್ನೊಂದು ಕಂತು ಮಾಡೋಣವೆಂದು ನನ್ನ ಮುಂದೆ ಕುಳಿತಳು. ಎರಡು ವಾಕ್ಯ ಹೇಳಿ ನಿಲ್ಲಿಸಿದಳು. ಕ್ಷಮೆ ಕೇಳಿದರೂ ಅದು ಸಾವಂತ್ರೆವ್ವನೇ ಎಂದು ಮತ್ತೊಮ್ಮೆ ಸಾರಿದಂತಾಗುತ್ತಿತ್ತು. ಮೂರು ಗಂಟೆಗೆ ಹಿಂಬಾಗಿಲು ತೆರೆದಿಟ್ಟು ಕಾದಳು. ಯಾರೂ ಬರಲಿಲ್ಲ. ವಾರದ ಮೇಲೆ ನನ್ನನ್ನು ಚೀಲಕ್ಕೆ ಹಾಕಿಕೊಂಡು ತಾನೇ ಖಾನಾವಳಿಗೆ ಹೋದಳು.

ಸಾವಂತ್ರೆವ್ವ ಬೈಯಲಿಲ್ಲ. ತಟ್ಟೆ ಇಟ್ಟು, ರೊಟ್ಟಿ, ಮುಳಗಾಯಿ ಪಲ್ಯ ಬಡಿಸಿ, "ಉಣ್ರಿ. ಆಮ್ಯಾಲ ಮಾತಾಡೂಣು" ಎಂದರು. ನೀಲಗಂಗಾ ಒಂದೊಂದೇ ತುತ್ತು ಕಷ್ಟಪಟ್ಟು ಇಳಿಸುವುದು ಚೀಲದೊಳಗಿದ್ದ ನನಗೂ ಕೇಳುತ್ತಿತ್ತು.

"ನಾ ಹಾಕಬ್ಯಾಡ್ರಿ ಅಂದಿದ್ದೆ."

"ಹೌದ್ರಿ ಅಕ್ಕಾರ."

"ನಿಮ್ಮ ಲೈಬ್ರರಿ ಗ್ವಾಡಿ ಮ್ಯಾಲ 'ಮೌನವಾಗಿರಿ' ಅಂತ ಬರದೈತಲ್ಲ, ನಾ ಜೀವನದಾಗ ಮದಲ ಓದಿದ್ದು ಅದನ್ನ. ಅದು ಓದಾಕ ಬಂದವರಿಗೆ ಅಷ್ಟ, ನಿಮಗಲ್ಲ ಅಂತ ಗೊತ್ತಿರಲಿಲ್ಲ ನೋಡ್ರಿ."

ನೀಲಗಂಗಾ ಅಳತೊಡಗಿದಳು. ಸಾವಂತ್ರೆವ್ವ ಅಳು ಮುಗಿಯುವ ತನಕ ರೊಟ್ಟಿ ಬಡಿದರು. ಆಮೇಲೆ ಹೇಳಿದರು: "ಮುಂದಿನ ತಿಂಗಳ ಮೀಟಿಂಗಿನ್ಯಾಗ ನಾ ಓದತೀನಿ, ಎಲ್ಲಾರ ಮುಂದ. ಅಲ್ಲೀತನಕ ನಾ ನಿಮ್ಮಲ್ಲಿ ಬರಂಗಿಲ್ಲ, ನೀವ ಇಲ್ಲಿ ಬರಬೇಕು ದಿನಾ. ಮತ್ತ ಆ ಡಬ್ಬಿ ಇಲ್ಲೇ ಬಿಟ್ಟ ಹೋಗ್ರಿ."

ಡಬ್ಬಿಯೆಂದರೆ ನಾನು.

ಹೀಗೆ ಖಾನಾವಳಿಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕ ನನ್ನ ವಾಸ್ತವ್ಯ ಶುರುವಾಯಿತು. ಮೈಯೆಲ್ಲ ಜೋಳದ ಹಿಟ್ಟು. ನೀಲಗಂಗಾ ದಿನಾ ಮೂರಕ್ಕೆ ಬಂದು ಪುರಸಭೆಯ ಹಳೆಯ ಠರಾವುಗಳನ್ನು, ಅಂದರೆ ಸಭೆಯ ನಿರ್ಣಯಗಳನ್ನು, ಓದಿಸುವಳು. ಅವಳು ಹೋದ ಮೇಲೆ ಸಾವಂತ್ರೆವ್ವ ಒಬ್ಬರೇ ನನ್ನ ದೀಪ ಹತ್ತಿಸಿ ಓದುವರು, ಕೇಳುವರು, "ಥೂ" ಎಂದು ಅಳಿಸುವರು. ಒತ್ತಕ್ಷರ ಬಂದರೆ ಬೆವರುವರು. ಒಂದೇ ಸಾಲನ್ನು ಹದಿನಾರು ಸಲ ಓದಿದ್ದೂ ಉಂಟು. ಗುರುಲಿಂಗಪ್ಪನವರ ಜೇಬಿನಲ್ಲಿದ್ದಷ್ಟು ವರ್ಷವೂ ಒಂದು ಪದಕ್ಕಾಗಿ ಇಷ್ಟು ಗುದ್ದಾಡಿದ ದನಿ ನಾನು ಕೇಳಿರಲಿಲ್ಲ.

ಸಭೆಯ ದಿನ ನನ್ನನ್ನು ಸೊಂಟದ ಸಂಚಿಯಲ್ಲಿ ಇಟ್ಟುಕೊಂಡು ಹೊರಟರು. "ತಪ್ಪು ಓದಿದ್ರ ಬಾಯಾರು ಕೇಳಿ ಹೇಳಲಿ" ಎಂದು, ಕುರ್ಚಿಯಲ್ಲಿ ಕೂರುವಾಗಲೇ ಗುಂಡಿ ಒತ್ತಿದರು. ಠರಾವಿನ ಹಾಳೆ ಕೈಯಿಂದ ಕೈಗೆ ಬಂತು. ಎಲ್ಲರೂ ಸಹಿ ಹಾಕುತ್ತಿದ್ದರು.

"ನಾ ಓದತೀನಿ" ಎಂದರು ಸಾವಂತ್ರೆವ್ವ.

"ಹೊತ್ತಾಕೈತ್ರಿ, ಸಹಿ ಹಾಕಿ ಮುಂದ ಕೊಡ್ರಿ" ಎಂದರು ಅಧ್ಯಕ್ಷರು.

"ನನ್ನ ಸಹಿ ಬೇಕಂದ್ರ, ನಾ ಓದಿ ಮುಗಸೂ ತನಕ ಕುಂದ್ರಬೇಕಾಕೈತಿ."

ಓದತೊಡಗಿದರು. ಒಂದು ಪದ, ಒಂದು ಉಸಿರು. ಯಾರೋ ಕೆಮ್ಮಿದರು, ಯಾರೋ ಕಿಸಕ್ಕೆಂದರು, ಎರಡು ಕುರ್ಚಿ ಸರಿದವು. ಐದನೆಯ ಸಾಲಿನಲ್ಲಿ ದನಿ ಸಿಕ್ಕಿಕೊಂಡಿತು. "ಹನ್ನೊಂದನೇ ವಾರ್ಡಿನ ನೀರಿನ ಟ್ಯಾಂಕನ್ನು ಹದಿನಾಲ್ಕನೇ ವಾರ್ಡಿಗೆ ಸ... ಸ್ತ..." ಈಗ ಉಳಿದ ಸದಸ್ಯರು ಬಾಯಿ ಬಿಟ್ಟೇ ನಕ್ಕರು. ಸಾವಂತ್ರೆವ್ವ ಆ ಪದಕ್ಕೇ ಮರಳಿದರು. "ತಡೀರಿ. ಓದಾಕತ್ತೀನಿ. ಸ್ಥ... ಸ್ಥಳಾಂ... ಸ್ಥಳಾಂತರಿಸಲು."

ಆ ಸಾಲನ್ನು ಇನ್ನೊಮ್ಮೆ, ತಮಗೇ ಎಂಬಂತೆ ಓದಿಕೊಂಡರು.

"ಸ್ಥಳಾಂತರ ಅಂದ್ರ ಎತ್ತಿ ಬ್ಯಾರೆ ಕಡೆ ಇಡೂದಲ್ಲೇನ್ರಿ?"

ಅಧ್ಯಕ್ಷರು ಮುಂದಿದ್ದ ಕಡತ ತಿರುವತೊಡಗಿದರು.

"ನಮ್ಮ ಓಣಿ ಟಾಕಿ ಎತ್ತಿ ಒಯ್ಯತೀರಿ. ಅದಕ್ಕ ನಾನ ಸಹಿ ಹಾಕಬೇಕು. ಹಿಂಗ ಇನ್ನ ಎಷ್ಟಕ್ಕ ಹಾಕೀನ್ರಿ ನಾನು?"

ಕೊನೆಯ ಸಾಲಿನ ತನಕ ಓದಿಯೇ ಹಾಳೆ ಕೆಳಗಿಟ್ಟರು. ಹದಿನೇಳು ನಿಮಿಷ. ಸಹಿ ಹಾಕಲಿಲ್ಲ. ನಗುತ್ತಿದ್ದವರಲ್ಲಿ ಇಬ್ಬರು ಹಾಳೆಯನ್ನು ಮರಳಿ ತರಿಸಿಕೊಂಡು ತಾವೂ ಓದತೊಡಗಿದರು. ಆ ಠರಾವು ಅಂದು ಪಾಸಾಗಲಿಲ್ಲ.

ಅಲ್ಲಿಂದ ನೇರವಾಗಿ ಗ್ರಂಥಾಲಯಕ್ಕೆ ಬಂದರು, ಮುಂಬಾಗಿಲಿನಿಂದ. ನನ್ನನ್ನು ಮೇಜಿನ ಮೇಲೆ ಕುಕ್ಕಿ, "ಕೇಳ್ರಿ, ತಪ್ಪು ಎಲ್ಲಿ ಅದಾವ ಹೇಳ್ರಿ" ಎಂದರು. ನೀಲಗಂಗಾ ಪೂರ್ತಿ ಕೇಳಿದಳು, ಎರಡು ತಪ್ಪು ಹೇಳಿದಳು. ಪೆನ್ನಿನ ಮುಚ್ಚಳ ಕಚ್ಚಿದಳು. ತಡೆಯಲಾಗದೆ ಕೇಳಿಯೇಬಿಟ್ಟಳು: "ಅಕ್ಕಾರ, ಇದನ್ನ ಹಾಕಲೇನ್ರಿ?"

"ಬ್ಯಾಡ."

"ಆತ್ರಿ" ಎಂದಳು. ಈ ಸಲ ಹಾಕಲಿಲ್ಲ. ಎಷ್ಟೋ ಮಧ್ಯಾಹ್ನ ನನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟಿದ್ದಾಳೆ. ಪಾಡ್‌ಕಾಸ್ಟ್ ಮೂರು ತಿಂಗಳು ನಿಂತಿತು. ಮತ್ತೆ ಶುರುವಾದಾಗ, ಮಾತಾಡಿದವರಿಗೇ ಮೊದಲು ಕೇಳಿಸಿ, ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿ, ಆಮೇಲಷ್ಟೇ ಹಾಕುವ ಪದ್ಧತಿ ಬಂತು. ಮಕ್ತುಮ್‌ಸಾಬರು ಅಂಟಿನ ಬಗ್ಗೆ ಮಾತಾಡಿದ್ದಕ್ಕೂ ಅದೇ ನಿಯಮ. ಕೇಳುವವರ ಸಂಖ್ಯೆ ಅರವತ್ತು ದಾಟಲಿಲ್ಲ.

ಎರಡು ವರ್ಷಕ್ಕೆ ನೀಲಗಂಗಾಳಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊರಡುವ ದಿನ ಸಾವಂತ್ರೆವ್ವನನ್ನು ಕರೆಸಿದಳು. "ನಿಮ್ಮ ಹದಿನೇಳು ನಿಮಿಷ ಇನ್ನೂ ಇದರಾಗ ಐತ್ರಿ. ಏನ ಮಾಡ್ಲಿ?"

"ಹಚ್ರಿ, ಕೇಳೂಣು."

ಬೆಂಚಿನ ಮೇಲೆ ಕುಳಿತು ಪೂರ್ತಿ ಕೇಳಿದರು. ನನಗೆ ಎದೆಯುಬ್ಬಿತ್ತು. ನಾನು ಹಿಡಿದಿಟ್ಟ ದನಿಗಳಲ್ಲೆಲ್ಲ ದೊಡ್ಡದು ಅದು, ಈಗಲಾದರೂ ಊರಿಗೆ ಕೇಳಿಸುತ್ತಾರೆ ಎಂದುಕೊಂಡೆ. ಮುಗಿದ ಮೇಲೆ ಸಾವಂತ್ರೆವ್ವ ಮುಖ ಸಿಂಡರಿಸಿದರು.

"ಅಯ್ಯ, ಎಷ್ಟ ತಡವರಿಸೀನ್ರಿ! ಅಳಸ್ರಿ ಇದನ್ನ. ಈಗ ಹಿಂಗ ಓದಂಗಿಲ್ಲ ನಾನು."

ನೀಲಗಂಗಾ ನಕ್ಕಳು, ಕಣ್ಣು ಒರೆಸಿಕೊಂಡಳು. ಗುಂಡಿ ಒತ್ತಿದಳು.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿಯ ರಸ ಸೋರಿ ಹೊಟ್ಟೆ ಹಸಿರುಗಟ್ಟಿದೆ. ನೀಲಗಂಗಾ ಹೊಸ ಊರಿನಲ್ಲಿ ಹೊಸ ಮೈಕು ಕೊಂಡಳಂತೆ. ನಾನು ಇದೇ ಗ್ರಂಥಾಲಯದ ಡ್ರಾಯರಿನಲ್ಲಿ, ತಾರೀಖಿನ ಮೊಹರಿನ ಪಕ್ಕ ಬಿದ್ದಿದ್ದೇನೆ. ಚಡಪಡಿಕೆ ಇನ್ನೂ ಹೋಗಿಲ್ಲ. ಹೊರಗೆ ಕುರ್ಚಿ ಎಳೆದ ಸದ್ದಾದರೆ ದೀಪ ಹತ್ತಿಸಿಕೊಳ್ಳಲು ಮೈಯೆಲ್ಲ ತುಡಿಯುತ್ತದೆ. ಹಿಡಿದಿಟ್ಟದ್ದೆಲ್ಲ ನನ್ನದು ಎಂದು ಬಹುಕಾಲ ನಂಬಿದ್ದೆ. ಒಳಗೆ ಒಂದು ದನಿಯೂ ಇಲ್ಲದ ಮೇಲೆ ಗೊತ್ತಾಯಿತು, ಅವೆಲ್ಲ ಕೈಗಡವಾಗಿ ಬಂದಿದ್ದವು.

ಇವತ್ತು ಬೆಳಿಗ್ಗೆ ಸಾವಂತ್ರೆವ್ವ ಹೊಸ ಗ್ರಂಥಪಾಲಕರೊಡನೆ ಜಗಳಕ್ಕೆ ನಿಂತಿದ್ದರು. ಪತ್ರಿಕೆಯ ನಾಲ್ಕನೆಯ ಪುಟವನ್ನು ಯಾರೋ ಹರಿದುಕೊಂಡು ಹೋಗಿದ್ದರಂತೆ. "ಅರ್ಧಾ ಸುದ್ದಿ ಓದೀನ್ರಿ ನಾ, ಉಳದದ್ದು ಎಲ್ಲಿ ಓದಲಿ?" ಎಂದು ಕೂಗುತ್ತಿದ್ದರು. ಡ್ರಾಯರಿನ ಸಂದಿಯಲ್ಲಿ ಕಿವಿಯಿಟ್ಟು, ಹಿಡಿದಿಡದೆ, ಸುಮ್ಮನೆ ಕೇಳಿದೆ.