ಇಪ್ಪತ್ಮೂರನೇ ಗೆರೆ

ನಮ್ಮ ಮಹಡಿಯ ನಲವತ್ತು ಕಂಪ್ಯೂಟರುಗಳ ಒಂದು ವರ್ಷದ ಓಡಾಟವನ್ನು ನಲವತ್ತು ಗೆರೆಗಳಾಗಿ ಅಚ್ಚು ಹಾಕಿ ಗೋಡೆಗೆ ಅಂಟಿಸಿದ್ದೆ. ಯಂತ್ರ ನೆಟ್‌ವರ್ಕಿನಲ್ಲಿದ್ದಾಗ ಕಪ್ಪು, ಇಲ್ಲದಾಗ ಬಿಳಿ. ಕೆಳಗೆ ವಾರ, ಗಂಟೆ. ಯಾರು ಏನು ಓದಿದರು, ಬರೆದರು ಎಂಬುದನ್ನೆಲ್ಲ ಅಳಿಸಿ, ಹೆಸರಿನ ಜಾಗದಲ್ಲಿ ಅಂಕಿ ಇಟ್ಟಿದ್ದೆ. ಇದರಿಂದ ಯಾರನ್ನೂ ಗುರುತಿಸಲಾಗದು ಎಂಬುದೇ ನನ್ನ ಪ್ರಬಂಧ. ಅಂದು ಸಂಜೆ ಐದಕ್ಕೆ ಈ ಮಾಹಿತಿಯನ್ನು ಎಲ್ಲ ಸಂಶೋಧಕರಿಗೂ ತೆರೆದಿಡಬೇಕು. ತಪ್ಪಿದರೆ ಪ್ರಬಂಧ ಈ ವರ್ಷಕ್ಕಿಲ್ಲ.

ನೆಲ ಒರೆಸುವ ಅಕ್ಕ ಕೋಲಿಗೆ ಗಲ್ಲ ಊರಿ ನಿಂತರು.

“ಇದೇನಮ್ಮಾ, ಜಮಖಾನ ನೇಯ್ತಿದೀಯಾ?”

“ಈ ಮಹಡಿ ಕಂಪ್ಯೂಟರ್‌ಗಳು ಅಕ್ಕ. ಯಾವುದು ಯಾರದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.”

“ಬ್ರಹ್ಮ ಇಲ್ಲಿ ನೆಲ ಒರೆಸಿದಾನಾ?” ಅವರು ಬೆರಳಿಟ್ಟರು. “ಇಪ್ಪತ್ಮೂರು ನಿಮ್ಮ ಮೇಷ್ಟ್ರು. ಪ್ರತಿ ಬುಧವಾರ ಮೂರಕ್ಕೆ ಬಿಳಿ ನೋಡು, ಆಗ ಎದ್ದು ಹೋಗ್ತಾರೆ. ಅವರಿಲ್ಲದಾಗ ತಾನೇ ನಾನು ರೂಮು ಒರೆಸೋದು? ಮೀಟಿಂಗ್ ಅಂತಾರೆ. ಮೀಟಿಂಗಿನವರೆಲ್ಲ ಆಗ ಇಲ್ಲೇ ಕೂತಿದಾರೆ ನೋಡು, ಎಂಟು, ಹನ್ನೊಂದು, ಎರಡೂ ಕಪ್ಪು.”

ಅಜ್ಜಿಯ ಕತೆಗಳಲ್ಲಿ ಮಾರುವೇಷದ ರಾಜ ಕಿರೀಟ ಬಚ್ಚಿಡುತ್ತಿದ್ದ, ಮೀಸೆ ಬೋಳಿಸುತ್ತಿದ್ದ. ಕೊನೆಗೆ ಕೆಮ್ಮಿ ಸಿಕ್ಕಿಬೀಳುತ್ತಿದ್ದ. ನಾನು ಕೆಮ್ಮನ್ನು ಅಳಿಸಿರಲಿಲ್ಲ.

ನನ್ನ ಪ್ರಬಂಧಕ್ಕೆ ಮಾರ್ಗದರ್ಶಕರಾದ ಮೇಷ್ಟ್ರ ಕೋಣೆಗೆ ಹೋದೆ. “ಸರ್, ಇವತ್ತು ಮಾಹಿತಿ ತೆರೆದಿಡೋದು ಬೇಡ. ಜನ ಸಿಕ್ಕಿಬೀಳ್ತಾರೆ.”

“ಪುರಾವೆ?” ಅವರು ತಲೆ ಎತ್ತಲಿಲ್ಲ. “ಗಡುವಿನ ದಿನ ಎಲ್ಲರಿಗೂ ಧರ್ಮಸಂಕಟ ಶುರುವಾಗುತ್ತೆ.”

ಪುರಾವೆ ನಾಲಿಗೆಯ ತುದಿಯಲ್ಲಿತ್ತು. ಯಾವುದು ಹೊರಬೀಳಬಾರದೆಂದು ಓಡಿಬಂದಿದ್ದೆನೋ ಅದನ್ನೇ ನಾನು ಬಾಯಿಬಿಟ್ಟು ಹೇಳಬೇಕಿತ್ತು. ಬಾಗಿಲು ಮುಚ್ಚಿದೆ.

“ನೀವು ಇಪ್ಪತ್ಮೂರು ಸರ್.”

“ಊಹೆ.”

“ಬುಧವಾರ ಮೂರು ಗಂಟೆ. ಮೀಟಿಂಗ್ ಅಲ್ಲ.”

ಅವರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

“ಎಲ್ಲಿಗೆ ಅಂತಾನೂ ಗೊತ್ತಾ?”

“ಇಲ್ಲ ಸರ್. ಹುಡುಕಿದ್ರೆ ಸಿಗುತ್ತೆ. ಹುಡುಕಲಿಲ್ಲ.”

ಅವರು ಪೆನ್ನನ್ನು ಮೇಜಿನ ಮೇಲಿಟ್ಟರು. “ನಿಂದು ಒಂದು ವರ್ಷ ಹೋಯ್ತಲ್ಲ.”

“ಹೋಯ್ತು ಸರ್.”

“ಪ್ರಬಂಧ ವಾಪಸ್ ತಗೋ.”

ಗಡುವಿನ ಐದು ಗಂಟೆ ಸಪ್ಪಗೆ ಕಳೆಯಿತು. ಗೋಡೆಯ ಹಾಳೆಯನ್ನು ಕಿತ್ತು, ಒಂದೂ ಗೆರೆ ಉಳಿಯದಂತೆ ಹರಿದೆ. ಮರುದಿನ ಹೊಸ ಪ್ರಬಂಧದ ಮೊದಲ ಸಾಲು ಬರೆದೆ: ನಮ್ಮ ವಿಧಾನವನ್ನು ನೆಲ ಒರೆಸುವವರೊಬ್ಬರು ಎರಡೇ ನಿಮಿಷದಲ್ಲಿ ಮುರಿದರು.

ಬುಧವಾರ ಮೂರಕ್ಕೆ ಪಕ್ಕದ ಮೇಷ್ಟ್ರ ಬಾಗಿಲು ಸದ್ದಾಯಿತು. ಅಕ್ಕ ಬಕೆಟ್ ಎತ್ತಿಕೊಂಡು ನನ್ನ ಬಳಿ ಬಗ್ಗಿದರು.

“ಎಲ್ಲಿಗೆ ಅಂತ ನಂಗೊತ್ತು. ಹೇಳ್ಲಾ?”

ಆಸೆಯೇನೋ ಆಯಿತು.

“ಬೇಡ ಅಕ್ಕ,” ಎಂದೆ. “ನನ್ನ ಟೇಬಲ್ ಕೆಳಗೂ ಒಂಚೂರು ಒರೆಸಿ.”