ಅಬೇದಾಬಿಯ ದನಿ

ನಾನು ಮಾಡುವ ಕೆಲಸ ಏನೆಂದು ನಮ್ಮೂರು ಅಳವಂಡಿಯಲ್ಲಿ ಯಾರಿಗೂ ತಿಳಿಸಿ ಹೇಳಲು ನನಗೆ ಇವತ್ತಿಗೂ ಆಗಿಲ್ಲ. ಮನುಷ್ಯರು ಯಂತ್ರಗಳ ಜೊತೆ ಹೇಗೆ ನಡೆದುಕೊಳ್ಳುತ್ತಾರೆ, ಯಂತ್ರಗಳು ಮನುಷ್ಯರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಸಂಶೋಧನೆ ಮಾಡುತ್ತೇನೆ ಎಂದರೆ, ನಮ್ಮ ಸೋದರತ್ತೆ ಶಂಕ್ರಮ್ಮ, ಅದಕ್ಕೂ ಪಗಾರ ಕೊಡುತ್ತಾರೇನು ಎಂದು ಕೇಳುತ್ತಾಳೆ. ಕೊಡುತ್ತಾರೆ. ಧಾರವಾಡದಲ್ಲಿ ಒಂದು ಪ್ರಯೋಗಾಲಯ, ನಾಲ್ಕಾರು ವಿದ್ಯಾರ್ಥಿಗಳು, ಬಾಗಿಲಿನ ಮೇಲೆ ‘ಡಾ. ಹೇಮಾವತಿ’ ಎಂಬ ಫಲಕ, ಎಲ್ಲ ಕೊಟ್ಟಿದ್ದಾರೆ. ಆದರೆ ಈ ವಿದ್ಯೆ ನಾನು ಕಲಿತದ್ದು ಧಾರವಾಡದಲ್ಲಲ್ಲ. ಕೊಪ್ಪಳದ ಜವಾಹರ ರಸ್ತೆಯ ಒಂದು ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಗೆಳತಿ ಅಬೇದಾಬಿಯ ಜೊತೆ ಜಗಳ ಮಾಡಿ ಕಲಿತೆ.

ಹೋದ ವರ್ಷ ಶ್ರಾವಣದಲ್ಲಿ ಅವಳ ಗಂಡ ವಾಹೀದ ಫೋನ್ ಮಾಡಿದ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಮೋಟಾರು ರಿಪೇರಿ ಮಾಡುವವನು, ಮಾತು ಕಡಿಮೆ. ಅಬೇದಾಬಿಯ ಗಂಟಲಲ್ಲಿ ಗಡ್ಡೆಯಾಗಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ ಎಂದ. "ಜೀವಕ್ಕೇನೂ ಇಲ್ಲಂತ್ರಿ. ಮಾತಷ್ಟ ಹೋಗ್ತೈತಿ."

ಆ ‘ಅಷ್ಟ’ ಕೇಳಿ ನನಗೆ ಸಿಟ್ಟು ಬಂತು. ಅದನ್ನು ನುಂಗಿಕೊಂಡು, ಮುಂದೆ ಹೇಳಿ ಎಂದೆ. ಅವನ ಚಿಂತೆ ಬೇರೆ ಇತ್ತು. ಅಬೇದಾಬಿಯ ತಾಯಿ ಮಾಬೂಬಿ ಕನಕಗಿರಿಯಲ್ಲಿ ಮಗ ಮಂಜೂರನ ಮನೆಯಲ್ಲಿದ್ದಾಳೆ. ಎಂಬತ್ತು ದಾಟಿದ ಮುದುಕಿ, ಎರಡೂ ಕಣ್ಣು ಹೋಗಿವೆ. ದಿನಾ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಗಳು ಫೋನ್ ಮಾಡಬೇಕು, ಅದಾದರೇ ಅವಳ ದಿನ. ಒಂದು ದಿನ ತಪ್ಪಿದರೆ ಊಟ ಬಿಡುತ್ತಾಳೆ. ರೋಗದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ, ಗಂಟಲು ಕಟ್ಟಿದೆ ಎಂದಷ್ಟೇ ಹೇಳಿದ್ದರು.

"ಆಕಿ ದನಿ ನಿಮ್ಮ ಕಡಿ ರೆಕಾರ್ಡ್ ಅದಾವಂತಲ್ರಿ," ಎಂದ ವಾಹೀದ. "ಆಕೀ ದನೀಲೇ ಮಷೀನು ಮಾತಾಡೂವಂಗ ಮಾಡಿಕೊಡ್ರಿ. ಮುದುಕಿಗೆ ಗೊತ್ತಾಗಬಾರದು."

ಮಾಡಿಕೊಡುತ್ತೇನೆ ಎಂದೆ. ಅದು ನನ್ನ ಕೆಲಸವೇ ಆಗಿತ್ತಲ್ಲ.

ರೆಕಾರ್ಡುಗಳು ಇದ್ದದ್ದು ನಿಜ. ಅವು ಕೊಪ್ಪಳದ ದಿನಗಳವು. ಅಬೇದಾಬಿ, ನಾನು ಇಬ್ಬರೂ ಆಗ ತಾನೇ ಓದು ಮುಗಿಸಿದವರು. ಓದಲು ಬರೆಯಲು ಬಾರದವರಿಗಾಗಿ ಒಂದು ಫೋನ್ ಸೇವೆ ಕಟ್ಟುವ ಸಂಶೋಧನೆ. ಯಾವ ಡಬ್ಬಾ ಫೋನಿನಿಂದಾದರೂ ಆ ನಂಬರಿಗೆ ಹಚ್ಚಿದರೆ ಒಂದು ಹೆಣ್ಣುದನಿ ಮಾತಾಡಿಸುತ್ತದೆ. ಮಳೆ ಯಾವಾಗ, ಕಾಲುವೆಗೆ ನೀರು ಯಾವಾಗ, ಉಳ್ಳಾಗಡ್ಡಿಗೆ ರೇಟೆಷ್ಟು ಎಂದು ಬಾಯಿಂದಲೇ ಕೇಳಬಹುದು. ಜನರ ಹತ್ತಿರ ಹೋಗುವುದು ನನ್ನ ಪಾಲು, ಪ್ರೋಗ್ರಾಮ್ ಬರೆಯುವುದು ಅಬೇದಾಬಿಯ ಪಾಲು. ದನಿಯೂ ಅವಳದೇ, ಯಾಕೆಂದರೆ ನನ್ನ ದನಿ ಕೇಳಿದರೆ ಬೈಯುತ್ತಿದ್ದಾರೆ ಎಂದು ಜನ ಫೋನ್ ಇಡುತ್ತಿದ್ದರು. ಕೆಳಗೆ ಪಾತ್ರೆ ಅಂಗಡಿಯ ಗದ್ದಲ ಕೇಳಬಾರದೆಂದು ತಲೆಯ ಮೇಲೆ ಕೌದಿ ಹೊದ್ದುಕೊಂಡು ಅವಳು ರೆಕಾರ್ಡ್ ಮಾಡುತ್ತಿದ್ದಳು. ಕೊಪ್ಪಳದ ಬೇಸಿಗೆಯಲ್ಲಿ ಕೌದಿ. ಬೆವರು ಸುರಿಸುತ್ತಾ ಹೊರಗೆ ಬಂದು, ನಿನ್ನ ಸಂಶೋಧನೆಗೆ ಬೆಂಕಿ ಹಾಕ ಎಂದು ನನ್ನ ವೇಲಿಗೆ ಮುಖ ಒರೆಸಿಕೊಳ್ಳುತ್ತಿದ್ದಳು. ಆ ದಿನಗಳಷ್ಟು ಸುಖವಾಗಿ ನಾನು ಮತ್ತೆಂದೂ ಕೆಲಸ ಮಾಡಿಲ್ಲ. ಈಗ ತಣ್ಣಗಿನ ಕೋಣೆಯಲ್ಲಿ ಕೂತು ಆ ಕೌದಿಯನ್ನು ನೆನೆಸುತ್ತೇನೆ.

ಮೊದಲ ಪರೀಕ್ಷೆ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಲ್ಲಿ ನಡೆಯಿತು. ಅಲ್ಲಿಂದ ಬಂದ ಒಂದು ಕರೆಯೂ ಪೂರ್ತಿಯಾಗಲಿಲ್ಲ, ಎಲ್ಲ ನಡುವೆಯೇ ಕಟ್ ಆದವು. ಪ್ರೋಗ್ರಾಮಿನಲ್ಲೇ ದೋಷವಿದೆ ಎಂದು ಅಬೇದಾಬಿ ಹುಡುಕುತ್ತಾ ಕೂತಳು. ನಾನು ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ರೇಣುಕಮ್ಮ ಎಂಬ ಹೆಂಗಸಿನ ಕಟ್ಟೆಯ ಮೇಲೆ ಕೂತೆ. ರೇಣುಕಮ್ಮ ಫೋನ್ ಹಚ್ಚಿದಳು. ಆ ಕಡೆ ಅಬೇದಾಬಿಯ ದನಿ, ನಮಸ್ಕಾರ್ರಿ, ಏನು ಬೇಕಾಗಿತ್ರಿ ಎಂದಿತು. ರೇಣುಕಮ್ಮ ಸೆರಗು ಸರಿಮಾಡಿಕೊಂಡು, "ಊಟ ಆತೇನವಾ?" ಎಂದಳು. ಯಂತ್ರಕ್ಕೆ ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳ್ರಿ ಎಂದಿತು. ಪಾಪ, ಕಿವಿ ಮಂದ ಇರಬೇಕು ಎಂದು ಅವಳು ಇನ್ನಷ್ಟು ಜೋರಾಗಿ ಅದನ್ನೇ ಕೇಳಿದಳು. ಯಂತ್ರ ಸೋತು ಫೋನ್ ಕಟ್ ಮಾಡಿತು. ಆ ಕಟ್ಟೆಯ ಮೇಲಿದ್ದ ಒಬ್ಬೊಬ್ಬಳೂ ಹಾಗೇ ಮಾಡಿದಳು. ಊಟದ ಮಾತಿಲ್ಲದೆ ಉಳ್ಳಾಗಡ್ಡಿಯ ಮಾತು ಎತ್ತುವಷ್ಟು ಅಡ್ಡನಾಡಿ ಹೆಂಗಸು ಅಲ್ಲಿ ಯಾರೂ ಇರಲಿಲ್ಲ.

ನಮ್ಮ ದೊಡ್ಡ ಜಗಳ ಆದದ್ದು ಆಗಲೇ. ಊಟ ಆತ್ರಿ, ನಿಮ್ಮದಾತೇನ್ರಿ ಎಂದು ಯಂತ್ರ ಅಂದುಬಿಡಲಿ, ಏನು ಗಂಟು ಹೋಗುತ್ತದೆ ಎಂಬುದು ನನ್ನ ವಾದ. ಅಬೇದಾಬಿ ಜಪ್ಪಯ್ಯ ಅನ್ನಲಿಲ್ಲ.

"ಅದು ಉಂಡಿಲ್ಲ," ಎಂದಳು. "ಉಂಡೀನಿ ಅಂತ ನನ್ನ ದನೀಲೆ ಸುಳ್ಳು ಹೇಳಸಬ್ಯಾಡ. ಅಕಿ ನನ್ನ ನಂಬಿ ಕೇಳ್ಯಾಳ."

ಸಂಶೋಧನೆಗೆ ಬಂದವಳೋ ಮೌಲ್ವಿಯೋ ನೀನು ಎಂದು ನಾನು ಹಂಗಿಸಿದೆ. ಹಲವು ದಿನ ಕೋಣೆಯಲ್ಲಿ ಮಾತಿಲ್ಲ, ಎದುರುಬದುರು ಕೂತು ಚಹಾ ಕುಡಿಯುವುದು ಮಾತ್ರ. ಕೊನೆಗೆ ಒಂದು ಮಧ್ಯಾಹ್ನ ಅವಳೇ ಕೌದಿ ಹೊದ್ದುಕೊಂಡು, "ನಾ ಮಷೀನ್ ಅದೀನ್ರಿ, ನನಗ ಊಟ ಇಲ್ಲ. ನೀವು ಉಂಡ್ರೇನು?" ಎಂದು ರೆಕಾರ್ಡ್ ಮಾಡಿದಳು. ಯಲಬುರ್ಗಾದಿಂದ ಕುಷ್ಟಗಿಯವರೆಗೆ ಜನ ಬರೀ ಆ ಮಾತು ಕೇಳಲಿಕ್ಕೆಂದೇ ಫೋನ್ ಮಾಡತೊಡಗಿದರು. ನಕ್ಕು, ತಾವು ಏನು ಉಂಡೆವೆಂದು ಹೇಳಿ, ಆಮೇಲೆ ಸಾವಕಾಶವಾಗಿ ರೇಟು ಕೇಳುತ್ತಿದ್ದರು. ನಮ್ಮಿಬ್ಬರ ಹೆಸರಿನಲ್ಲಿ ಬಂದ ಮೊದಲ ಪ್ರಬಂಧ ಅದರ ಮೇಲೆಯೇ. ನನ್ನ ಬಾಗಿಲಿನ ಫಲಕ ನಿಂತಿರುವುದೂ ಅದರ ಮೇಲೆಯೇ. ಯೋಜನೆ ಮುಗಿದ ಮೇಲೆ ಆ ನಂಬರು ಮೂಕವಾಯಿತು. ಅಬೇದಾಬಿ ಮದುವೆಯಾಗಿ ಗಂಗಾವತಿಯ ಒಂದು ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸಲು ಸೇರಿದಳು, ನಾನು ಧಾರವಾಡಕ್ಕೆ ಹೋದೆ.

ಆ ಹಳೆಯ ರೆಕಾರ್ಡುಗಳಿಂದ ಅವಳ ದನಿಯನ್ನು ಕಟ್ಟುವುದು ಈಗ ಕಷ್ಟವಾಗಲಿಲ್ಲ. ಒಂದಿಷ್ಟು ಹೊತ್ತಿನ ಮಾತು ಸಿಕ್ಕರೆ ಕಂಪ್ಯೂಟರು ಆ ದನಿಯಲ್ಲಿ ಏನನ್ನಾದರೂ ಓದುವ ಕಾಲ ಇದು. ಆಪರೇಷನ್ ಮುಗಿದು ಅವಳು ಮನೆಗೆ ಬಂದ ಮೇಲೆ ಅದನ್ನು ಫೋನಿಗೆ ಹಾಕಿಕೊಂಡು ಗಂಗಾವತಿಗೆ ಹೋದೆ. ಕುತ್ತಿಗೆಗೆ ತೆಳು ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಬಾಯಿ ತೆರೆದಳು, ತುಟಿ ಅಲ್ಲಾಡಿತು, ಉಸಿರಿಗೆ ಕುತ್ತಿಗೆಯ ಬಟ್ಟೆ ಅಲುಗಿತು, ದನಿ ಬರಲಿಲ್ಲ. ನಾನು ಏನೇನೋ ಗಳಹುತ್ತಾ ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ಕನ್ನಡದಲ್ಲಿ ಬರೆದಳು. ಹೇಮಾ, ಎಷ್ಟು ದಪ್ಪ ಆಗೀಯಲ್ಲ, ಎಂದಿತು ಅವಳದೇ ದನಿ. ವಾಹೀದ ಗೋಡೆಯ ಕಡೆ ತಿರುಗಿ ನಿಂತ. ನಾನು ಅಲ್ಲೇ ಅತ್ತುಬಿಟ್ಟೆ.

ಆಮೇಲೆ ಅವಳು ತಾಯಿಗೆ ಹೇಳಬೇಕಾದದ್ದನ್ನು ಬರೆದಳು. ಅವರ ಮನೆಮಾತು ದಖನಿ ಉರ್ದು, ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದಳು. ಯಂತ್ರ ಅದನ್ನು ವಾರ್ತೆ ಓದಿದ ಹಾಗೆ ಓದಿತು. ಒಂದಕ್ಷರ ತಪ್ಪಲಿಲ್ಲ, ಒಂದಕ್ಷರದಲ್ಲೂ ಜೀವವಿರಲಿಲ್ಲ. ವಾಹೀದ ತಲೆ ತಗ್ಗಿಸಿದ. ಅಬೇದಾಬಿ ಮತ್ತೆ ಕನ್ನಡಕ್ಕೆ ಬಂದು, ನಮ್ಮ ಅಮ್ಮಾ ಇದನ್ನ ಬ್ಯಾಂಕಿನಾಕಿ ಅಂತ ತಿಳಿದು ಫೋನ್ ಇಡ್ತಾಳ, ಎಂದು ಬರೆದಳು.

ತಲೆ ಚಚ್ಚಿಕೊಳ್ಳಬೇಕೆನಿಸಿತು. ನನ್ನ ಹತ್ತಿರ ಇದ್ದದ್ದೆಲ್ಲ ಊರವರ ಜೊತೆ, ಕನ್ನಡದಲ್ಲಿ, ಮರ್ಯಾದೆಯಿಂದ ಆಡಿದ ಮಾತು. ನನ್ನ ಜೊತೆ ವರ್ಷಗಟ್ಟಲೆ ಕನ್ನಡದಲ್ಲೇ ಬೈದಾಡಿದವಳಿಗೆ ಮನೆಯಲ್ಲಿ ಬೇರೊಂದು ಮಾತಿದೆ ಎಂಬುದು ಯಂತ್ರ ಕಟ್ಟುವಾಗ ನನಗೆ ಹೊಳೆಯಲೇ ಇಲ್ಲ. ಪರದೆ ನೋಡಬೇಡಿ, ಮನುಷ್ಯರನ್ನು ನೋಡಿ ಎಂದು ವರ್ಷಾ ವರ್ಷ ಹುಡುಗರ ಮುಂದೆ ಭಾಷಣ ಬಿಗಿಯುವವಳು ನಾನು. ಹೊಸದಾಗಿ ರೆಕಾರ್ಡ್ ಮಾಡಿಕೊಳ್ಳೋಣ ಎಂದರೆ ಆ ಗಂಟಲಲ್ಲಿ ಇನ್ನು ದನಿಯೇ ಇಲ್ಲ.

ವಾಪಸು ಹೋಗುವ ಬಸ್ಸು ಕೊಪ್ಪಳದಲ್ಲಿ ನಿಂತಾಗ ಒಂದು ಸಂಗತಿ ನೆನಪಾಯಿತು. ನಮ್ಮ ವಿದ್ಯೆಯಲ್ಲಿ ಒಂದು ಪದ್ಧತಿ ಇದೆ. ಕಂಪ್ಯೂಟರಿನ ಮುಂದೆ ಒಬ್ಬರನ್ನು ಕೂರಿಸಿ, ಕೆಲಸ ಮಾಡುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿ ಬಿಟ್ಟು ಹೇಳಿ ಎನ್ನುವುದು. ಅವರು ಎಲ್ಲಿ ತಡವರಿಸುತ್ತಾರೆ ಎಂಬುದು ಅದರಿಂದ ತಿಳಿಯುತ್ತದೆ. ಅದನ್ನು ಕಲಿಯುತ್ತಿದ್ದ ದಿನಗಳಲ್ಲಿ ನಾನು ಮೊದಲು ಕೂರಿಸಿದ್ದು ಅಬೇದಾಬಿಯನ್ನು. ಅವಳು ಸ್ವಲ್ಪ ಹೊತ್ತು ಕನ್ನಡದಲ್ಲಿ ಚೆಂದಾಗಿ ಹೇಳಿದಳು. ಆಮೇಲೆ ಪ್ರೋಗ್ರಾಮ್ ಕೆಟ್ಟು ನಿಂತಿತು. ನಾನಿರುವುದನ್ನೇ ಮರೆತು ಅವಳು ಸಂಜೆಯವರೆಗೆ ತನ್ನ ಮಾತಿನಲ್ಲಿ ಅದಕ್ಕೆ ಬೈದಳು. ಆ ಭಾಗದ ರೆಕಾರ್ಡು ಪ್ರಬಂಧದ ಕೆಲಸಕ್ಕೆ ಬಾರದೆಂದು ಹಾಗೇ ಉಳಿದಿತ್ತು. ಧಾರವಾಡದಲ್ಲಿ ಹಳೆಯ ಡಿಸ್ಕುಗಳನ್ನೆಲ್ಲ ಕೆದಕಿ ಹುಡುಕಿ ತೆಗೆದೆ. ಕೇಳಲೋ ಬೇಡವೋ ಎಂದು ಅವಳನ್ನೇ ಕೇಳಿದೆ. ಅದರಾಗ ನಿನಗೂ ಬೈದೀನಿ, ಕೇಳು, ಎಂದು ಮೆಸೇಜು ಬಂತು.

ಮರುದಿನ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಅದನ್ನು ಹಚ್ಚಿದೆ. ಮೊದಲು ಫ್ಯಾನಿನ ಕಿರಕಿರ. ಕೆಳಗೆ ಯಾರೋ ಕೊಡ ಬಡಿದು ನೋಡುತ್ತಿದ್ದ ಸದ್ದು. ಆಮೇಲೆ ಅವಳು. ನಮ್ಮ ಪ್ರೋಗ್ರಾಮನ್ನು ಹಠಮಾರಿ ಎಮ್ಮೆ ಎಂದಳು, ನನ್ನನ್ನು ಎಮ್ಮೆಯ ಅಕ್ಕ ಎಂದಳು. ಬೈದು ಸಾಕಾದಾಗ ಕನಕಗಿರಿಯಲ್ಲಿದ್ದ ತಾಯಿಯನ್ನು ಕರೆದು ದೂರು ಹೇಳುತ್ತಿದ್ದಳು. ತಪ್ಪು ಸಿಕ್ಕಾಗ ಅಮ್ಮಾ, ಸಿಕ್ಕದ್ದು ತಪ್ಪಲ್ಲ ಎಂದಾದಾಗ ಅಮ್ಮಾ, ಹಸಿವಾದಾಗ ಅಮ್ಮಾ, ಎಲ್ಲ ಸರಿಹೋಗಿ ಪ್ರೋಗ್ರಾಮ್ ಓಡಿದಾಗ ಉದ್ದಕ್ಕೆ ಒಂದು ಅಮ್ಮಾ. ಅಷ್ಟು ಬಗೆಯಲ್ಲಿ ಆ ಒಂದು ಮಾತನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ. ನನ್ನ ಮುಖ ನೋಡಿ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ನಾನು ಅವರನ್ನು ತಡೆಯಲಿಲ್ಲ.

ಆ ಬೈಗುಳದಿಂದಲೇ ಅವಳ ದನಿಯನ್ನು ಹೊಸದಾಗಿ ಕಟ್ಟಿಕೊಂಡು ಎರಡನೆಯ ಸಲ ಗಂಗಾವತಿಗೆ ಹೋದಾಗ ಮಧ್ಯಾಹ್ನದ ನಮಾಜಿನ ಹೊತ್ತು ಮುಗಿದಿತ್ತು. ಮಗಳ ಫೋನಿಲ್ಲದೆ ಮಾಬೂಬಿ ವಾರಗಟ್ಟಲೆ ಗೋಳಾಡಿದ್ದಳು, ಅರೆಹೊಟ್ಟೆ ಉಣ್ಣುತ್ತಿದ್ದಾಳೆಂದು ಮಂಜೂರ ಹೇಳಿದ್ದ. ಎಲ್ಲ ನಿರ್ಧಾರವಾಗಿದೆ, ಮುದುಕಿಗೆ ಏನೂ ತಿಳಿಯುವುದು ಬೇಡ ಎಂದು ವಾಹೀದ ನನಗೆ ಇನ್ನೊಮ್ಮೆ ಹೇಳಿದ. ಅವನ ಭಯ ಒಂದೇ ಆಗಿತ್ತು. ಅತ್ತೆ ಎದುರಿನವರಿಗೆ ಮಾತು ಮುಗಿಸಲು ಬಿಡುವವಳಲ್ಲ, ಇವಳು ಬರೆಯುವವರೆಗೆ ಕಾಯದೆ ಫೋನ್ ಇಟ್ಟರೆ ಏನು ಮಾಡುವುದು? ಆದದ್ದಾಗಲಿ ಎಂದು ತನ್ನ ಫೋನಿನಿಂದ ಕನಕಗಿರಿಗೆ ಹಚ್ಚಿ ಸ್ಪೀಕರಿಗೆ ಹಾಕಿದ. ಅವರು ಆಡಿದ್ದು ದಖನಿಯಲ್ಲಿ. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಹಲೋ ಎನ್ನುವ ಮೊದಲೇ ಮುದುಕಿ ಶುರು ಮಾಡಿದಳು. ತಾಯಿ ಇದ್ದಾಳೋ ಸತ್ತಳೋ ಎಂದು ಕೇಳುವವರಿಲ್ಲ, ಸೊಸೆ ಸಾರಿಗೆ ಉಪ್ಪು ಹಾಕುವುದಿಲ್ಲ, ಗಂಟಲಿಗೆ ಮೆಣಸಿನ ಕಷಾಯ ಕುಡಿ ಎಂದರೆ ಕೇಳಲಿಲ್ಲ. ಅವಳು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಅಬೇದಾಬಿ ಗುಂಡಿ ಒತ್ತಿದಳು.

"ಅಮ್ಮಾ," ಎಂದಿತು ಅವಳ ಕೈಯಲ್ಲಿದ್ದ ಫೋನು.

 ಮುದುಕಿಯ ದನಿಯೇ ಬದಲಾಯಿತು. "ಯಾವ ಔಷಧ ಕುಡಿದೀ ಬೇಟಾ? ಮದುವಿಗಿಂತ ಮೊದಲಿನ ದನಿ ಬಂದೈತಿ. ಇನ್ನೊಮ್ಮೆ ಕರಿ."

ಅಬೇದಾಬಿ ಇನ್ನೊಮ್ಮೆ ಕರೆದಳು. ಮುದುಕಿ ನಕ್ಕಳು. ವಾಹೀದ ನನ್ನ ಕಡೆ ನೋಡಿ ಎರಡೂ ಕೈ ಮುಗಿದ. ನನಗೂ ಹೆಮ್ಮೆಯಿಂದ ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ. ನನ್ನ ಯಂತ್ರ ಹೆತ್ತ ತಾಯಿಯ ಕಿವಿಯನ್ನೇ ಗೆದ್ದಿತ್ತು. ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು.

ಅಬೇದಾಬಿ ಬರೆಯತೊಡಗಿದಳು. ಪರದೆಯ ಮೇಲಿನ ಸಾಲು ಓದಿ ವಾಹೀದ ಅವಳ ಕೈ ಹಿಡಿದ, ಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡ. ಅವಳು ಅವನ ಕೈಯನ್ನು ಮೆಲ್ಲಗೆ ಸರಿಸಿ ಗುಂಡಿ ಒತ್ತಿದಳು.

"ಅಮ್ಮಾ, ಇದು ಮಷೀನು. ಗಂಟಲದಾಗ ಗಡ್ಡಿ ಆಗಿತ್ತು, ನನ್ನ ದನಿ ತೆಗದಾರ. ನಾ ಇಲ್ಲೇ ಕುಂತು ಬರೀತೀನಿ, ಇದು ಓದತೈತಿ. ದನಿ ಹಳೇದು, ಮಾತು ನಂದ. ನಾ ಜೀವಂತ ಅದೀನಿ."

ಕನಕಗಿರಿಯಿಂದ ಏನೂ ಕೇಳಲಿಲ್ಲ. ಮುದುಕಿ ಫೋನ್ ಇಟ್ಟಳೆಂದೇ ನಾನು ತಿಳಿದೆ.  ಎಷ್ಟೋ ಹೊತ್ತಿನ ಮೇಲೆ ಮಾಬೂಬಿ ಮೂಗು ಏರಿಸಿಕೊಂಡದ್ದು ಕೇಳಿಸಿತು.

"ಬರಿಯಾಕ ಹೊತ್ತು ಹಿಡಿತೈತೇನು?"

ಹೂಂ, ಎಂದಿತು ಫೋನು.

"ಹಿಡೀಲಿ. ಬರಿ."

ಅಬೇದಾಬಿ ಬರೆಯಲು ಹೋದಳು. ಒಂದು ಅಕ್ಷರ ಒತ್ತಿದರೆ ಇನ್ನೊಂದು ಬೀಳುತ್ತಿತ್ತು. ಅಳಿಸಿದಳು, ಮತ್ತೆ ಬರೆದಳು, ಮತ್ತೆ ಅಳಿಸಿದಳು. ಕಣ್ಣೀರು ಪರದೆಯ ಮೇಲೆ ಬಿದ್ದು ಅಕ್ಷರ ಕಾಣದಾಯಿತು. ನಾನು ಸೆರಗಿನಿಂದ ಒರೆಸಿಕೊಟ್ಟೆ. ಸಹಾಯ ಮಾಡಲು ಕೈ ಚಾಚಿದರೆ ತಲೆಯಾಡಿಸಿ ಬೇಡ ಎಂದಳು. ಜೀವಮಾನದಲ್ಲಿ ಯಾರ ಮಾತಿಗೂ ಕಾಯದ ಮುದುಕಿ ಆ ಕಡೆ ತುಟಿ ಪಿಟಕ್ಕೆನ್ನದೆ ಕೂತಿದ್ದಳು. ಅವಳ ಉಸಿರು ಮಾತ್ರ ಫೋನಿನಲ್ಲಿ ಕೇಳುತ್ತಿತ್ತು.

ಅಷ್ಟರಲ್ಲಿ ಅಲ್ಲಿ ಸೊಸೆ ಹತ್ತಿರ ಬಂದಳೆಂದು ಕಾಣುತ್ತದೆ. ಆ ಕಡೆಯಿಂದ ಏನೂ ಕೇಳುತ್ತಿಲ್ಲ, ಲೈನ್ ಕಟ್ ಆಗಿದೆ, ಫೋನ್ ಇತ್ತ ಕೊಡಿ ಎಂದಳು.

"ನಕ್ಕೊ, ಬ್ಯಾಡ," ಎಂದು ಮಾಬೂಬಿ ಗದರಿದಳು. "ಸುಮ್ನಿರು. ನನ್ನ ಮಗಳು ಮಾತಾಡಾಕ ಹತ್ಯಾಳ."